ಹಳೆಯ ಹೆಸರು ಯಾರಿಗೆ ಭಾರ?

ಮನೆಯಲ್ಲಿ ಅಪ್ಪನೋ ಅಮ್ಮನೋ ಕಪ್ಪು ಪರದೆಯ ಮುಂದೆ ಕುಳಿತು, ಮೌಸ್ ಮುಟ್ಟದೆ, ಬರೀ ಪದಗಳನ್ನು ಟೈಪ್ ಮಾಡಿ ಕಂಪ್ಯೂಟರ್‌ಗೆ ಕೆಲಸ ಹೇಳುವುದನ್ನು ಮಕ್ಕಳು ನೋಡಿರಬಹುದು. ಅದು ಕಮಾಂಡ್ ಲೈನ್. ‘ಈ ಕೆಲಸ ಮಾಡು’ ಎನ್ನುವ ಮೊದಲ ಪದ ಕಮಾಂಡ್. ‘ಹೀಗೆ ಮಾಡು’ ಎಂದು ಅದರ ಪಕ್ಕದಲ್ಲಿ ಸೇರಿಸುವ ಒಂದೆರಡು ಅಕ್ಷರ ಆಪ್ಷನ್. ತಂತ್ರಾಂಶ ಬೆಳೆದಂತೆ ಇವುಗಳಲ್ಲಿ ಕೆಲವು ಹಳತಾಗುತ್ತವೆ. ‘ಇನ್ನು ಮುಂದೆ ಇದನ್ನು ಬಳಸಬೇಡಿ, ಒಂದು ದಿನ ತೆಗೆದುಹಾಕುತ್ತೇವೆ’ ಎಂದು ತಿಳಿಸುವುದನ್ನು ಡೆಪ್ರಿಕೇಟ್ ಮಾಡುವುದು ಎನ್ನುತ್ತಾರೆ. ನನ್ನ ಅಭಿಪ್ರಾಯ ಇಷ್ಟು: ಅಪಾಯವಿರುವ ಹಳತನ್ನು ಕ್ರಮವಾಗಿ ತೆಗೆಯಬೇಕು, ಅಪಾಯವಿಲ್ಲದ ಹಳತನ್ನು ಅದರ ಪಾಡಿಗೆ ಬಿಡಬೇಕು.

ಒಂದು ಉದಾಹರಣೆ ನೋಡೋಣ. ಕಡತದೊಳಗೆ ನಮಗೆ ಬೇಕಾದ ಪದವಿರುವ ಸಾಲುಗಳನ್ನು ಹುಡುಕಿಕೊಡುವ ಕಮಾಂಡ್ ‘ಗ್ರೆಪ್’. 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಇದನ್ನು ಬರೆದರು. ಇನ್ನಷ್ಟು ಜಟಿಲವಾದ ಹುಡುಕಾಟಕ್ಕೆ ಆಲ್‌ಫ್ರೆಡ್ ಆಹೋ ‘ಈಗ್ರೆಪ್’ ಬರೆದರು. ಇದ್ದ ಅಕ್ಷರಗಳನ್ನು ಇದ್ದ ಹಾಗೇ ಹುಡುಕಲು ‘ಎಫ್‌ಗ್ರೆಪ್’ ಬಂತು. 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ಮೂರೂ ಇದ್ದವು. ಆಮೇಲೆ 1992ರಲ್ಲಿ ಪಾಸಿಕ್ಸ್ ಎಂಬ ಮಾನದಂಡ ಇವನ್ನು ಒಂದುಗೂಡಿಸಿತು. ಈಗ್ರೆಪ್ ಬದಲು ‘ಗ್ರೆಪ್ -ಇ’, ಎಫ್‌ಗ್ರೆಪ್ ಬದಲು ‘ಗ್ರೆಪ್ -ಎಫ್’ ಎಂದಾಯಿತು.

ಲಿನಕ್ಸ್ ಬಳಸುವ ಬಹುತೇಕರ ಬಳಿ ಇರುವುದು ಗ್ನೂ ಯೋಜನೆಯ ಗ್ರೆಪ್. ಹಳೆಯ ಎರಡು ಹೆಸರುಗಳನ್ನು ಅದು ಡೆಪ್ರಿಕೇಟ್ ಮಾಡಿದ್ದು 2007ರ 2.5.3 ಆವೃತ್ತಿಯಲ್ಲಿ. ಆದರೆ ಪರದೆಯ ಮೇಲೆ ಏನೂ ಕಾಣಲಿಲ್ಲ, ಕಮಾಂಡ್‌ಗಳು ಎಂದಿನಂತೆ ನಡೆದವು. ಹದಿನೈದು ವರ್ಷಗಳ ಬಳಿಕ, 2022ರ ಸೆಪ್ಟೆಂಬರ್‌ನಲ್ಲಿ ಬಂದ 3.8 ಆವೃತ್ತಿಯಿಂದ, ಈಗ್ರೆಪ್ ಬಳಸಿದಾಗಲೆಲ್ಲ ‘ಇದು ಹಳತಾಯಿತು’ ಎಂಬ ಎಚ್ಚರಿಕೆ ಮೂಡತೊಡಗಿತು.

ಒಂದು ಸಾಲಿನ ಎಚ್ಚರಿಕೆಯಿಂದ ಏನು ಮಹಾ ಎಂದು ನೀವು ಕೇಳಬಹುದು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ರಾತ್ರಿ ಹೊತ್ತು ತಾನಾಗಿಯೇ ನಡೆಯುವ ಹಳೆಯ ಬ್ಯಾಕಪ್ ಸ್ಕ್ರಿಪ್ಟ್ ಒಂದಿತ್ತು. ಬರೆದವರು ಕೆಲಸ ಬಿಟ್ಟು ಹೋಗಿ ವರ್ಷಗಳಾಗಿದ್ದವು. ಪರದೆಗೆ ಏನಾದರೂ ಬಂದರೆ ಅದು ನಮಗೆ ಇಮೇಲ್ ಕಳಿಸುತ್ತಿತ್ತು. ಆವೃತ್ತಿ ಬದಲಾದ ಮೇಲೆ ದಿನಾ ಬೆಳಿಗ್ಗೆ ಅದೇ ಇಮೇಲ್. ಸ್ಕ್ರಿಪ್ಟ್ ಮುಟ್ಟಲು ಯಾರಿಗೂ ಧೈರ್ಯವಿಲ್ಲ. ವಾರ ಕಳೆಯುವುದರೊಳಗೆ ಆ ಇಮೇಲ್ ತೆರೆಯುವುದನ್ನೇ ಬಿಟ್ಟೆವು. ಮುಂದೊಂದು ದಿನ ಡಿಸ್ಕ್ ತುಂಬಿ ಬ್ಯಾಕಪ್ ನಿಂತಿತು. ಆ ಸುದ್ದಿಯೂ ಅದೇ ಇಮೇಲ್‌ನಲ್ಲಿತ್ತು. ನಮಗೆ ಗೊತ್ತಾಗಿದ್ದು ಎರಡು ದಿನ ಬಿಟ್ಟು. ‘ತೋಳ ಬಂತು ತೋಳ’ ಎಂದು ಸುಮ್ಮನೆ ಕೂಗುತ್ತಿದ್ದ ಹುಡುಗನ ಕಥೆ ಮಕ್ಕಳಿಗೆ ಗೊತ್ತಿದೆಯಲ್ಲ! ಇಮೇಲ್ ಓದದಿದ್ದುದು ನಮ್ಮದೇ ತಪ್ಪು, ಒಪ್ಪುತ್ತೇನೆ. ಆದರೆ ಬೇಡದ ಎಚ್ಚರಿಕೆ ಹೆಚ್ಚಾದಷ್ಟೂ ಬೇಕಾದ ಎಚ್ಚರಿಕೆ ಕಣ್ಣಿಗೆ ಬೀಳುವುದಿಲ್ಲ.

ತಂತ್ರಾಂಶ ನೋಡಿಕೊಳ್ಳುವವರ ಕಷ್ಟವೂ ಸಣ್ಣದಲ್ಲ. ಓಪನ್ ಸೋರ್ಸ್ ಕೆಲಸ ಮಾಡುವವರಲ್ಲಿ ಎಷ್ಟೋ ಜನ ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ದುಡಿಯುವವರು. ಪ್ರತಿಯೊಂದು ಹಳೆಯ ಆಪ್ಷನ್ನನ್ನೂ ಪರೀಕ್ಷಿಸಬೇಕು, ಅದಕ್ಕೆ ವಿವರಣೆ ಬರೆಯಬೇಕು. ಒಂದೇ ಕೆಲಸಕ್ಕೆ ಎರಡು ದಾರಿಯಿದ್ದರೆ ಹೊಸದಾಗಿ ಕಲಿಯುವವರಿಗೂ ಗೊಂದಲ. ಇವೆಲ್ಲ ನಿಜವೇ. ಆದರೆ ಈಗ್ರೆಪ್ ಇಂದು ‘ಗ್ರೆಪ್ -ಇ’ಯನ್ನು ಕರೆಯುವ ಕೆಲವೇ ಸಾಲುಗಳ ಸ್ಕ್ರಿಪ್ಟ್. ಅದನ್ನು ಉಳಿಸಿಕೊಳ್ಳುವ ಶ್ರಮ ಒಬ್ಬರದು, ಬದಲಾಯಿಸುವ ಶ್ರಮ ಲೋಕದ ಅಸಂಖ್ಯ ಜನರದು. ಕೆಲವು ಲಿನಕ್ಸ್ ವಿತರಣೆಗಳು ಆ ಎಚ್ಚರಿಕೆ ಮೂಡದಂತೆ ತಾವೇ ಮಾರ್ಪಾಡು ಮಾಡಿಕೊಂಡವು.

ಹಾಗೆಂದು ಹಳೆಯದೆಲ್ಲ ಇರಲಿ ಎನ್ನುವುದಿಲ್ಲ. ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಕಡತ ಕಳಿಸುವ ‘ಎಸ್‌ಸಿಪಿ’ ಎಂಬ ಕಮಾಂಡ್ ಇದೆ. ಅದರ ಹಳೆಯ ವಿಧಾನದಲ್ಲಿ ಭದ್ರತೆಯ ತೊಂದರೆಗಳಿದ್ದವು. ಓಪನ್‌ಎಸ್‌ಎಸ್‌ಎಚ್ ತಂಡ 2021ರಲ್ಲೇ ‘ಇದು ಬದಲಾಗಲಿದೆ’ ಎಂದು ತಿಳಿಸಿ, ಹೊಸ ವಿಧಾನವನ್ನು ಪರೀಕ್ಷಿಸಿ ನೋಡಲು ಒಂದು ಆಪ್ಷನ್ ಕೊಟ್ಟಿತು. 2022ರ ಏಪ್ರಿಲ್‌ನಲ್ಲಿ ಬಂದ 9.0 ಆವೃತ್ತಿಯಲ್ಲಿ ಹೊಸದನ್ನು ಜಾರಿಗೆ ತಂದಿತು. ಹಳೆಯದು ಬೇಕೇ ಬೇಕು ಎನ್ನುವವರಿಗೆ ‘-ಓ’ ಎಂಬ ಆಪ್ಷನ್ ಉಳಿಸಿತು. ಕಾರಣ ಹೇಳಿದರು, ಸಮಯ ಕೊಟ್ಟರು, ಹಿಂದಿರುಗುವ ದಾರಿಯನ್ನೂ ಬಿಟ್ಟರು.

ಹೆಸರುಗಳ ವಿಷಯದಲ್ಲಿ ನಮ್ಮ ಕನ್ನಡಕ್ಕೇ ಸಂಬಂಧಿಸಿದ ಇನ್ನೊಂದು ಒಳ್ಳೆಯ ಮಾದರಿಯಿದೆ. ಹಳಗನ್ನಡದಲ್ಲಿ ‘ಏಳು’ ಎಂಬ ಸಂಖ್ಯೆಯನ್ನು ‘ಏೞು’ ಎಂದು ಬರೆಯುತ್ತಿದ್ದರು. ಕಂಪ್ಯೂಟರ್‌ಗಳಿಗೆ ಎಲ್ಲ ಭಾಷೆಗಳ ಅಕ್ಷರ ತಿಳಿಸುವ ಯೂನಿಕೋಡ್‌ನಲ್ಲಿ ಈ ‘ೞ’ ಅಕ್ಷರಕ್ಕೆ ತಪ್ಪಿ ‘ಕನ್ನಡ ಲೆಟರ್ ಫಾ’ ಎಂಬ ಹೆಸರು ಬಿತ್ತು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸುವಂತಿಲ್ಲ ಎಂಬುದು ಯೂನಿಕೋಡ್‌ನ ನಿಯಮ, ಏಕೆಂದರೆ ಯಾವ ತಂತ್ರಾಂಶ ಅದನ್ನು ನೆಚ್ಚಿಕೊಂಡಿದೆಯೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ತಪ್ಪು ಹೆಸರನ್ನು ಹಾಗೇ ಇಟ್ಟು, ಪಕ್ಕದಲ್ಲಿ ಸರಿಯಾದ ಹೆಸರನ್ನು ಅಧಿಕೃತವಾಗಿ ಸೇರಿಸಿದರು. ಯಾರ ಕೆಲಸವೂ ಕೆಡಲಿಲ್ಲ.

ನಮ್ಮ ಶಾಲೆಯ ಮಕ್ಕಳಲ್ಲಿ ಹಲವರು ಈಗಾಗಲೇ ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದೀರಿ. ನೀವು ಬರೆದದ್ದನ್ನು ಒಬ್ಬ ಗೆಳೆಯ ಬಳಸಿದರೂ ಸಾಕು, ಈ ಪ್ರಶ್ನೆ ನಿಮ್ಮದೂ ಆಗುತ್ತದೆ. ಹೆಸರು ಬದಲಾಯಿಸುವ ಮುನ್ನ ಹಳೆಯದರಿಂದ ಯಾರಿಗಾದರೂ ತೊಂದರೆಯಿದೆಯೇ ಎಂದು ಯೋಚಿಸಿ. ಇಲ್ಲವಾದರೆ ಎರಡೂ ಇರಲಿ, ವಿವರಣೆಯಲ್ಲಿ ಹೊಸದನ್ನು ಮಾತ್ರ ಕಲಿಸಿ. ತೆಗೆಯಲೇಬೇಕಾದರೆ ಏಕೆ, ಯಾವಾಗ, ಬದಲಿಗೆ ಏನು ಟೈಪ್ ಮಾಡಬೇಕು, ಈ ಮೂರನ್ನೂ ಮೊದಲೇ ತಿಳಿಸಿ. ಪೋಷಕರಲ್ಲಿ ಈ ಕ್ಷೇತ್ರದವರು ನಿಮ್ಮ ಹಳೆಯ ಸ್ಕ್ರಿಪ್ಟ್‌ಗಳನ್ನು ಒಮ್ಮೆ ತೆರೆದು ನೋಡಿ. ಈಗ್ರೆಪ್ ಇದ್ದಲ್ಲಿ ‘ಗ್ರೆಪ್ -ಇ’ ಎಂದು ಬದಲಿಸಲು ಹೆಚ್ಚು ಹೊತ್ತು ಬೇಡ. ನಾವು ಆ ಕೆಲಸ ಮಾಡಿದ್ದು ಡಿಸ್ಕ್ ತುಂಬಿದ ಮೇಲೆ.