ಗ್ರಾಚ್ಯುಟಿ ಹಣವೂ ತೈಲ ಕಂಪೆನಿಯ ಶೇರೂ

ನಿವೃತ್ತಿಯ ದಿನ ಕೈಗೆ ಬಂದ ಗ್ರಾಚ್ಯುಟಿ ಮತ್ತು ಭವಿಷ್ಯನಿಧಿಯ ಹಣವನ್ನು ತೈಲ ಮತ್ತು ಅನಿಲ ಕಂಪೆನಿಗಳ ಶೇರಿನಲ್ಲಿ ತೊಡಗಿಸಬಹುದೇ? ಭದ್ರಾವತಿಯ ಪೇಪರ್ ಟೌನಿನ ಕಾರ್ಮಿಕನೂ ಶಿವಮೊಗ್ಗದ ಗಾಂಧಿ ಬಜಾರಿನ ಸಣ್ಣ ವರ್ತಕನೂ ಕೇಳುವ ಪ್ರಶ್ನೆ ಇದು. ಕೊಳ್ಳಿ ಎನ್ನುವವರು ಮೂರು ಮಾತು ಹೇಳುತ್ತಾರೆ. ಪೆಟ್ರೋಲು ಬೇಡವೆನ್ನುವವರು ಯಾರೂ ಇಲ್ಲ. ಸರ್ಕಾರದ ಕಂಪೆನಿ, ಮುಳುಗುವುದಿಲ್ಲ. ವರ್ಷವರ್ಷವೂ ಲಾಭಾಂಶ ಬರುತ್ತದೆ. ಮೂರರಲ್ಲೂ ಸ್ವಲ್ಪ ಸತ್ಯವಿದೆ. ಪೂರ್ತಿ ಸತ್ಯ ಒಂದರಲ್ಲೂ ಇಲ್ಲ.

ಹೀಗೆ ಕೇಳುವವನನ್ನು ದುರಾಸೆಯವನೆಂದು ಹಳಿಯುವುದು ಅನ್ಯಾಯ. ಭವಿಷ್ಯನಿಧಿ ಪಿಂಚಣಿಯ ಕನಿಷ್ಠ ಮೊತ್ತವನ್ನು ಕೇಂದ್ರ ಸರ್ಕಾರ 2014ರಲ್ಲಿ ತಿಂಗಳಿಗೆ 1000 ರೂಪಾಯಿ ಎಂದು ಗೊತ್ತುಮಾಡಿತು. ಸಾವಿರ ರೂಪಾಯಿಯಲ್ಲಿ ಯಾವ ಸಂಸಾರ ನಡೆದೀತು? 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 1923ರಿಂದ ಕಬ್ಬಿಣ ಕರಗಿಸಿದ ಕಾರ್ಖಾನೆಯನ್ನು ಮುಚ್ಚಬೇಕೆಂದು ಉಕ್ಕು ಪ್ರಾಧಿಕಾರದ ಆಡಳಿತ ಮಂಡಳಿ 2023ರ ಜನವರಿಯಲ್ಲಿ ತೀರ್ಮಾನಿಸಿತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂರಬೇಕಾಯಿತು. ಇಂಥ ಊರಿನಲ್ಲಿ ಕೈಯಲ್ಲಿರುವ ಗಂಟೇ ಸಂಬಳ, ಅದೇ ಪಿಂಚಣಿ, ಅದೇ ಮಗಳ ಮದುವೆ. ಆದ್ದರಿಂದಲೇ ಈ ಪ್ರಶ್ನೆಗೆ ನೇರವಾದ ಉತ್ತರ ಬೇಕು.

ಮೊದಲು ತಿಳಿಯಬೇಕಾದುದು, ತೈಲ ಕಂಪೆನಿಗಳೆಲ್ಲ ಒಂದೇ ಜಾತಿಯವಲ್ಲ ಎಂಬುದು. ನೆಲದಿಂದಲೂ ಸಮುದ್ರದಿಂದಲೂ ಕಚ್ಚಾ ತೈಲ ತೆಗೆಯುವವು ಒಂದು ಬಗೆ. 1956ರಲ್ಲಿ ಸ್ಥಾಪನೆಯಾದ ಓ.ಎನ್.ಜಿ.ಸಿ. ಮತ್ತು ಆಯಿಲ್ ಇಂಡಿಯಾ ಈ ಬಗೆಯವು. ತೈಲವನ್ನು ಶುದ್ಧಿಮಾಡಿ ಬಂಕುಗಳಲ್ಲಿ ಮಾರುವವು ಇನ್ನೊಂದು ಬಗೆ. ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದುಸ್ತಾನ್ ಪೆಟ್ರೋಲಿಯಂ. ಅನಿಲವನ್ನು ತರಿಸಿ, ಕೊಳವೆಯಲ್ಲಿ ಸಾಗಿಸಿ, ಊರುಗಳಿಗೆ ಹಂಚುವವು ಮೂರನೆಯ ಬಗೆ. ಗೇಲ್, ಪೆಟ್ರೋನೆಟ್ ಮತ್ತು ದೊಡ್ಡ ನಗರಗಳ ಅನಿಲ ಕಂಪೆನಿಗಳು. ಕಚ್ಚಾ ತೈಲದ ಬೆಲೆ ಏರಿದರೆ ತೆಗೆಯುವವನಿಗೆ ಸುಗ್ಗಿ, ಮಾರುವವನಿಗೆ ಸಂಕಟ. ಇಳಿದರೆ ಸಾಮಾನ್ಯವಾಗಿ ಇದರ ತಿರುಗುಮುರುಗು. ಅಡಿಕೆ ಬೆಳೆಗಾರನ ಲಾಭವೂ ಅಡಿಕೆ ಮಂಡಿಯವನ ಲಾಭವೂ ಒಂದೇ ದಿನ ಬರುವುದಿಲ್ಲವೆಂಬುದು ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಹೀಗಿರುವಾಗ "ತೈಲದ ಶೇರು ಏರುತ್ತದೆ" ಎಂಬ ಮಾತಿಗೆ ಅರ್ಥವೇ ಇಲ್ಲ. ಯಾವ ತೈಲದ ಶೇರು ಎಂದು ಕೇಳಬೇಕು.

ಎರಡನೆಯ ಪ್ರಶ್ನೆ ಇದಕ್ಕಿಂತ ದೊಡ್ಡದು: ಈ ಕಂಪೆನಿಗಳ ಲಾಭದ ಬೀಗದ ಕೈ ಯಾರ ಬಳಿ ಇದೆ? ಪೆಟ್ರೋಲಿನ ಬೆಲೆಯನ್ನು 2010ರಲ್ಲಿಯೂ ಡೀಸೆಲಿನ ಬೆಲೆಯನ್ನು 2014ರಲ್ಲಿಯೂ ಸರ್ಕಾರ ತನ್ನ ಹಿಡಿತದಿಂದ ಬಿಟ್ಟಿತೆಂದು ಕಾಗದದ ಮೇಲಿದೆ. ನಡೆದದ್ದೇನು? ಯುಕ್ರೇನಿನ ಯುದ್ಧದಿಂದ 2022ರಲ್ಲಿ ಕಚ್ಚಾ ತೈಲ ಪೀಪಾಯಿಗೆ 100 ಡಾಲರು ದಾಟಿದಾಗ, ಏಪ್ರಿಲ್ ಮೊದಲ ವಾರದ ಬಳಿಕ ಸುಮಾರು ಎರಡು ವರ್ಷ ಈ ಮೂರು ಕಂಪೆನಿಗಳು ಪಂಪಿನ ದರ ಏರಿಸಲಿಲ್ಲ. 2022ರ ಏಪ್ರಿಲಿನಿಂದ ಜೂನ್‌ವರೆಗಿನ ಮೂರೇ ತಿಂಗಳಲ್ಲಿ ಮೂರೂ ಸೇರಿ 18 ಸಾವಿರ ಕೋಟಿ ರೂಪಾಯಿಗೂ ಮೇಲೆ ನಷ್ಟ ತೋರಿಸಿದವು. ಕಚ್ಚಾ ತೈಲ ಅಗ್ಗವಾದ ಮೇಲೂ ಪಂಪಿನ ದರ ಇಳಿಯಲಿಲ್ಲ. 2023-24ರಲ್ಲಿ ಅವೇ ಕಂಪೆನಿಗಳು 80 ಸಾವಿರ ಕೋಟಿಗೂ ಮೇಲೆ ಲಾಭ ತೋರಿಸಿದವು. ತೈಲ ತೆಗೆಯುವವರ ಕಥೆಯೂ ಅಷ್ಟೆ. ಅವರಿಗೆ ಸುಗ್ಗಿ ಬಂದಿತೆನ್ನುವಾಗಲೇ 2022ರ ಜುಲೈ 1ರಿಂದ ವಿಶೇಷ ತೆರಿಗೆ ಬಿತ್ತು. ಅದು ತೆಗೆದುಹೋದದ್ದು 2024ರ ಡಿಸೆಂಬರಿನಲ್ಲಿ. ಅನಿಲದಲ್ಲಿಯೂ ಇದೇ. ಅಗ್ಗದ ದೇಶೀಯ ಅನಿಲದ ಹಂಚಿಕೆಯನ್ನು 2024ರ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಕಡಿತ ಮಾಡಿದೊಡನೆ ದೆಹಲಿ, ಮುಂಬಯಿಗಳ ಅನಿಲ ಕಂಪೆನಿಗಳ ಶೇರುಗಳು ಕುಸಿದವು.

ಜನರಿಗೆ ಪೆಟ್ರೋಲು ದುಬಾರಿಯಾಗದಂತೆ ತಡೆದದ್ದು ತಪ್ಪೆಂದು ನಾವು ಹೇಳುವುದಿಲ್ಲ. ಆ ಎರಡು ವರ್ಷ ಲಾರಿ ಇಟ್ಟವನೂ ದಿನಸಿ ಅಂಗಡಿಯವನೂ ಅಷ್ಟರಮಟ್ಟಿಗೆ ಉಸಿರಾಡಿದರು. ನಾವು ಹೇಳುವುದಿಷ್ಟೆ: ಆ ಭಾರ ಹೊತ್ತವರಲ್ಲಿ ಸಣ್ಣ ಶೇರುದಾರನೂ ಒಬ್ಬ, ಅವನನ್ನು ಯಾರೂ ಕೇಳಲಿಲ್ಲ.

ಕೇಳುವ ಪದ್ಧತಿಯೇ ಇಲ್ಲ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹಿಂದುಸ್ತಾನ್ ಪೆಟ್ರೋಲಿಯಂನಲ್ಲಿದ್ದ ತನ್ನ ಶೇಕಡ 51.11 ಪಾಲನ್ನು ಓ.ಎನ್.ಜಿ.ಸಿ.ಗೆ 36,915 ಕೋಟಿ ರೂಪಾಯಿಗೆ ಮಾರಿತು. ಕೊಟ್ಟವರೂ ಸರ್ಕಾರ, ಕೊಂಡದ್ದೂ ಸರ್ಕಾರದ ಕಂಪೆನಿ. ಹಣ ಬೊಕ್ಕಸಕ್ಕೆ ಹೋಯಿತು, ಸಾಲ ಓ.ಎನ್.ಜಿ.ಸಿ.ಯ ತಲೆಗೆ ಬಂತು. ನೂರು ಶೇರು ಇಟ್ಟುಕೊಂಡ ಕಾರ್ಮಿಕನ ಮತಕ್ಕೆ ಇಲ್ಲಿ ಏನು ಬೆಲೆ? ಚುನಾವಣೆಯಲ್ಲಿ ತಲೆಗೊಂದು ಮತ. ಕಂಪೆನಿಯಲ್ಲಿ ಶೇರಿಗೊಂದು ಮತ. "ಸರ್ಕಾರದ್ದು, ಭಯವಿಲ್ಲ" ಎನ್ನುವವರು ಭದ್ರಾವತಿಯನ್ನೇ ನೋಡಲಿ. ಉಕ್ಕಿನ ಕಾರ್ಖಾನೆಯೂ ಸರ್ಕಾರದ್ದೇ, ಕಾಗದದ ಕಾರ್ಖಾನೆಯೂ ಸರ್ಕಾರದ್ದೇ.

"ಹಾಗಾದರೆ ನಮ್ಮ ಮಂಗಳೂರಿನದೇ ಕೊಳ್ಳೋಣ, ಘಟ್ಟ ಇಳಿದರೆ ಕಾಣುತ್ತದೆ" ಎನ್ನುವವರೂ ಇದ್ದಾರೆ. ಮಂಗಳೂರು ರಿಫೈನರಿ 1988ರಲ್ಲಿ ಹಿಂದುಸ್ತಾನ್ ಪೆಟ್ರೋಲಿಯಂ ಮತ್ತು ಬಿರ್ಲಾ ಬಳಗದ ಜಂಟಿ ಉದ್ಯಮವಾಗಿ ಹುಟ್ಟಿತು, 2003ರಲ್ಲಿ ಓ.ಎನ್.ಜಿ.ಸಿ.ಯ ಕೈಗೆ ಬಂತು. ವರ್ಷಕ್ಕೆ 150 ಲಕ್ಷ ಟನ್ ಕಚ್ಚಾ ತೈಲ ಶುದ್ಧಿಮಾಡುವ ಶಕ್ತಿ ಅದಕ್ಕಿದೆ. ಆದರೆ ಅದರ ಲಾಭ, ಕಚ್ಚಾ ತೈಲಕ್ಕೂ ಶುದ್ಧಿಯಾದ ಸರಕಿಗೂ ಹೊರದೇಶಗಳ ಪೇಟೆಯಲ್ಲಿರುವ ಬೆಲೆಯ ಅಂತರವನ್ನು ನಂಬಿದೆ; ಮಂಗಳೂರಿನ ಬೆಲೆಯನ್ನಲ್ಲ. ಪಾಲಿನಲ್ಲಿ ಶೇಕಡ 88ರಷ್ಟು ಓ.ಎನ್.ಜಿ.ಸಿ. ಮತ್ತು ಹಿಂದುಸ್ತಾನ್ ಪೆಟ್ರೋಲಿಯಂ ಬಳಿ ಇದೆ. ಹತ್ತಿರದಲ್ಲಿದೆ ಎಂಬುದು ಸಂಬಂಧ ಬೆಳೆಸಲು ಕಾರಣವಾದೀತು. ಶೇರು ಕೊಳ್ಳಲು ಅಲ್ಲ.

ಖಾಸಗಿಯವರನ್ನು ನಂಬೋಣವೆಂದರೆ ಅಲ್ಲಿಯೂ ಎಚ್ಚರ ಬೇಕು. ರಿಲಯನ್ಸ್ ಕಂಪೆನಿ ಕೃಷ್ಣಾ-ಗೋದಾವರಿ ಕಡಲಿನಲ್ಲಿ 2009ರಲ್ಲಿ ಅನಿಲ ತೆಗೆಯಲು ತೊಡಗಿದಾಗ ದೇಶದ ಅನಿಲದ ಬಡತನ ಹರಿಯಿತೆಂದು ಡಂಗುರ ಸಾರಲಾಯಿತು. ಕೆಲವೇ ವರ್ಷಗಳಲ್ಲಿ ಉತ್ಪಾದನೆ ಅಂದಾಜಿಗಿಂತ ಬಹಳ ಕೆಳಗಿಳಿಯಿತು. ಈಗ ಆ ಕಂಪೆನಿಯ ಶೇರೆಂದರೆ ತೈಲದ ಜೊತೆಗೆ ಟೆಲಿಫೋನು, ಅಂಗಡಿ ಎಲ್ಲವೂ ಸೇರಿದ್ದು.

ಇನ್ನು ಲಾಭಾಂಶದ ಆಸೆ. ಸರ್ಕಾರದ ತೈಲ ಕಂಪೆನಿಗಳು ಒಳ್ಳೆಯ ವರ್ಷಗಳಲ್ಲಿ ಧಾರಾಳವಾಗಿ ಲಾಭಾಂಶ ಕೊಟ್ಟಿರುವುದು ನಿಜ; ಬೊಕ್ಕಸಕ್ಕೂ ಅದು ಬೇಕು. ಆದರೆ ಅದು ಬಡ್ಡಿಯಂತೆ ಖಾತ್ರಿಯಲ್ಲ. 2022-23ರಲ್ಲಿ ನಷ್ಟಕ್ಕೊಳಗಾದ ಹಿಂದುಸ್ತಾನ್ ಪೆಟ್ರೋಲಿಯಂ ಆ ವರ್ಷಕ್ಕೆ ಲಾಭಾಂಶವನ್ನೇ ಕೊಡಲಿಲ್ಲ. ಆ ಹಣದಿಂದ ತಿಂಗಳ ಅಕ್ಕಿ ತರಬೇಕೆಂದು ಕುಳಿತವನು ಏನು ಮಾಡಬೇಕಿತ್ತು?

ಒಂದೊಂದೇ ಶೇರು ಬೇಡ, ಮ್ಯೂಚುಯಲ್ ಫಂಡು ಕೊಳ್ಳೋಣವೆಂಬುದು ಇನ್ನೊಂದು ವಾದ. ವಾದ ಒಳ್ಳೆಯದೇ, ಆದರೆ ಯಾವ ಫಂಡು? ಒಂದೇ ಉದ್ಯಮಕ್ಕೆಂದು ತೆರೆದ ಫಂಡು ತನ್ನ ಹಣದ ಕನಿಷ್ಠ ಶೇಕಡ 80 ಭಾಗವನ್ನು ಆ ಉದ್ಯಮದಲ್ಲಿಯೇ ಇಡಬೇಕೆಂದು ಸೆಬಿಯ ನಿಯಮವಿದೆ. ತೋಟವೆಲ್ಲ ಅಡಿಕೆಯಾದರೆ ಹತ್ತು ತಳಿ ನೆಟ್ಟರೂ ಕೊಳೆರೋಗದ ಮಳೆಗಾಲಕ್ಕೆ ಎಲ್ಲವೂ ಒಟ್ಟಿಗೇ ಸಿಗುತ್ತವೆ. ದೇಶದ ದೊಡ್ಡ 50 ಕಂಪೆನಿಗಳ ಸೂಚ್ಯಂಕವನ್ನು ಹಿಂಬಾಲಿಸುವ ಸಾಮಾನ್ಯ ಫಂಡಿನಲ್ಲಿ ಬ್ಯಾಂಕು, ಔಷಧ, ಗಾಡಿ, ತೈಲ ಎಲ್ಲವೂ ಇರುತ್ತವೆ, ಖರ್ಚೂ ಕಡಿಮೆ. ತೈಲದ ಪಾಲು ಬೇಕೆನ್ನುವವನಿಗೆ ಅದರಲ್ಲಿಯೇ ಬೇಕಾದಷ್ಟು ಸಿಗುತ್ತದೆ.

ಶೇರಿಗಿಂತ ಕೆಟ್ಟದ್ದು ವಾಯಿದೆ ವ್ಯಾಪಾರ. ಮೊಬೈಲಿನಲ್ಲಿ "ಖಚಿತ ಸುಳಿವು" ಕಳಿಸುವವರು ಎಳೆಯುವುದು ಅಲ್ಲಿಗೇ. 2020ರ ಏಪ್ರಿಲ್ 20ರಂದು ಅಮೆರಿಕದಲ್ಲಿ ಕಚ್ಚಾ ತೈಲದ ವಾಯಿದೆ ಬೆಲೆ ಸೊನ್ನೆಗಿಂತ ಕೆಳಗಿಳಿಯಿತು. ಮುಂಬಯಿಯ ಸರಕು ವಿನಿಮಯ ಕೇಂದ್ರ ಆ ತಿಂಗಳ ಲೆಕ್ಕವನ್ನು ಪೀಪಾಯಿಗೆ 2,884 ರೂಪಾಯಿ ಋಣದಲ್ಲಿ ಮುಗಿಸಿತು. ಎಂದರೆ ಕೊಂಡವನು ಹಾಕಿದ್ದನ್ನು ಕಳೆದುಕೊಂಡು ಮೇಲೆ ಕೈಯಿಂದಲೂ ತೆರಬೇಕಾಯಿತು! ಶೇರುಪೇಟೆಯ ವಾಯಿದೆ ವ್ಯಾಪಾರಕ್ಕಿಳಿದ ಸಾಮಾನ್ಯ ಜನರಲ್ಲಿ 2021-22ರಿಂದ 2023-24ರ ಮೂರು ವರ್ಷಗಳಲ್ಲಿ ಶೇಕಡ 93 ಮಂದಿ ಕಳೆದುಕೊಂಡರೆಂದು ಸೆಬಿಯೇ 2024ರಲ್ಲಿ ತಿಳಿಸಿತು. ಜೂಜಿನ ಕಟ್ಟೆಯಲ್ಲಿಯೂ ಇಷ್ಟು ಮಂದಿ ಸೋಲುತ್ತಾರೋ ಇಲ್ಲವೋ!

ಹಾಗಾದರೆ ಮಾಡಬೇಕಾದುದೇನು? ಮೊದಲು ಕೈಸಾಲ, ಒಡವೆ ಸಾಲ, ಬಡ್ಡಿಯ ಸಾಲ ತೀರಲಿ. ಎರಡು ವರ್ಷದ ಮನೆಖರ್ಚು ಬ್ಯಾಂಕಿನಲ್ಲಿರಲಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ 60 ದಾಟಿದವರಿಗೆ ಮಾತ್ರವಲ್ಲ. 55 ದಾಟಿ ನಿವೃತ್ತಿಯಾದವರು ಹಣ ಕೈಸೇರಿದ ಬಳಿಕ ಗೊತ್ತಾದ ಅವಧಿಯೊಳಗೆ ಹೋದರೆ ಅವರಿಗೂ ಉಂಟು. ಹತ್ತು ವರ್ಷ ಮುಟ್ಟಬೇಕಾಗದ ಹಣ ಉಳಿದರೆ ಅದರಲ್ಲಿ ಒಂದು ಭಾಗ ಸಾಮಾನ್ಯ ಫಂಡಿಗೆ ಹೋಗಲಿ. ಅಷ್ಟಾದ ಮೇಲೂ ತೈಲದ ಶೇರು ಬೇಕೇ ಎನಿಸಿದರೆ, ಪೂರ್ತಿ ಹೋದರೂ ಮನೆಯ ಒಲೆ ಆರದಷ್ಟು ಮಾತ್ರ. ಅದೂ ತೆಗೆಯುವವನ ಪಾಲೋ ಮಾರುವವನ ಪಾಲೋ ಎಂದು ತಿಳಿದು. ಸಾಲ ಮಾಡಿ ಬೇಡವೇ ಬೇಡ. ಡೀಸೆಲ್ ನಂಬಿ ಬದುಕುವ ಲಾರಿಯವನಂತೂ, ಬಂಕಿನ ಕಂಪೆನಿಯ ಶೇರು ತನ್ನನ್ನು ಬೆಲೆಯೇರಿಕೆಯಿಂದ ಕಾಪಾಡೀತೆಂದು ತಿಳಿಯಬಾರದು; 2022ರಲ್ಲಿ ಕಚ್ಚಾ ತೈಲ ಏರಿದಾಗ ನಷ್ಟವಾದದ್ದು ಆ ಕಂಪೆನಿಗಳಿಗೇ.

ಕೊನೆಗೊಂದು ಮಾತು. ಜೀವಮಾನವೆಲ್ಲ ದುಡಿದವನು ಅರವತ್ತರ ಮೇಲೆ ಯುದ್ಧದ ಸುದ್ದಿಯನ್ನೂ ದೆಹಲಿಯ ತೆರಿಗೆಯನ್ನೂ ಕಾದು ಕೂತು ಅನ್ನ ಹುಡುಕಬೇಕಾದದ್ದು ಅವನ ತಪ್ಪಲ್ಲ. ಪಿಂಚಣಿಯನ್ನು ಸಾವಿರಕ್ಕೆ ಗೊತ್ತುಮಾಡಿದವರ ತಪ್ಪು. ಶೇರುದಾರನಾಗಿ ಅವನ ಮಾತಿಗೆ ತೂಕವಿಲ್ಲ. ಮತದಾರನಾಗಿ, ಸಂಘದ ಸದಸ್ಯನಾಗಿ ಇದೆ. ಹಣವನ್ನು ಭದ್ರವಾಗಿಡೋಣ, ಬದುಕಲು ಸಾಲುವ ಪಿಂಚಣಿಯನ್ನು ಒಟ್ಟಾಗಿ ಕೇಳೋಣ.