ಶುಶ್ರೂಷೆಯೂ ಗಣಕಯಂತ್ರವೂ

ಹನ್ನೆರಡನೆಯ ಇಯತ್ತೆಯ ನಿಕಾಲು ಹೊರಬಿದ್ದ ವಾರದಲ್ಲಿ ನಮ್ಮ ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ ಶಾಲೆಯ ಮಾಸ್ತರರ ಮನೆಯ ಕಟ್ಟೆ ಬರಿದಾಗಿ ಇರುವುದಿಲ್ಲ. ಹೊಲದ ಕೆಲಸ ಮುಗಿಸಿ ಬಂದ ತಂದೆ, ಅವನ ಹಿಂದೆ ಸೆರಗು ಸರಿಪಡಿಸಿಕೊಳ್ಳುತ್ತ ನಿಂತ ತಾಯಿ, ಇಬ್ಬರ ನಡುವೆ ತಲೆ ತಗ್ಗಿಸಿದ ಮಗಳು; ಈ ಚಿತ್ರ ವಾಚಕರಿಗೆ ಹೊಸದಲ್ಲ. ಇತ್ತೀಚಿನ ವರ್ಷಗಳಲ್ಲಿ ಅವರು ತರುವ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ. "ಗುರುಗಳ, ಹುಡುಗಿ ನರ್ಸಿಂಗ್ ಕಲೀತೀನಿ ಅಂತಾಳ. ಅವರ ಕಾಕಾ ಕಂಪ್ಯೂಟರ್ ಕಲಸ್ರಿ ಅಂತಾನ. ಯಾವುದಕ್ಕ ಹಾಕೂಣ್ರಿ?"

ಎರಡನ್ನೂ ಕೂಡಿಸಿದ ಒಂದು ವೃತ್ತಿ ಇದೆಯೆಂದು ಹೇಳಿದರೆ ಅವರು ನಂಬಲು ಹಿಂದೆಮುಂದೆ ನೋಡುತ್ತಾರೆ. ಅದಕ್ಕೆ ಇಂಗ್ಲಿಷಿನಲ್ಲಿ ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಎಂಬ ಹೆಸರಿದೆ. ನಾವು ಶುಶ್ರೂಷಾ ಮಾಹಿತಿಶಾಸ್ತ್ರ ಎಂದು ಕರೆಯಬಹುದು. ಹೆಸರು ದೊಡ್ಡದಾಯಿತು; ಆದರೆ ಅದರ ಹುರುಳು ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ತೀರ ಹತ್ತಿರದ್ದು. ಆದುದರಿಂದ ಈ ತಿಂಗಳ ಮಾತು ಅದನ್ನು ಕುರಿತದ್ದು.

ರೋಗಿಯ ಬಳಿ ಹಗಲಿರುಳು ಇರುವವಳು ವೈದ್ಯಳಲ್ಲ, ಪರಿಚಾರಿಕೆ. ಮೈಯ ಕಾವು, ನಾಡಿಯ ಬಡಿತ, ಉಸಿರಾಟ, ರಕ್ತದ ಒತ್ತಡ, ಕುಡಿದ ನೀರೆಷ್ಟು, ಹೋದ ಮೂತ್ರವೆಷ್ಟು, ಕೊಟ್ಟ ಔಷಧವೆಷ್ಟು ಎಂಬ ನೂರಾರು ಸಂಗತಿಗಳನ್ನು ಅವಳು ಪ್ರತಿ ಪಾಳಿಯಲ್ಲಿಯೂ ಬರೆಯುತ್ತಾಳೆ. ಹೀಗೆ ಬರೆದುದು ಕಾಗದದಲ್ಲಿಯೇ ಹೂತುಹೋಗದೆ, ಬೇಕಾದವರಿಗೆ ಬೇಕಾದ ಹೊತ್ತಿಗೆ ಬೇಕಾದ ರೂಪದಲ್ಲಿ ದೊರೆಯುವಂತೆ ಗಣಕಯಂತ್ರದ ನೆರವಿನಿಂದ ವ್ಯವಸ್ಥೆ ಮಾಡುವುದೇ ಈ ಶಾಸ್ತ್ರದ ಕೆಲಸ. 1980ರ ಸುಮಾರಿಗೆ ಈ ಹೆಸರು ಬಳಕೆಗೆ ಬಂದಿತು. 1992ರಲ್ಲಿ ಅಮೇರಿಕೆಯ ಪರಿಚಾರಿಕೆಯರ ಸಂಘವು ಇದನ್ನು ಶುಶ್ರೂಷೆಯ ಒಂದು ಪ್ರತ್ಯೇಕ ಶಾಖೆಯೆಂದು ಮನ್ನಿಸಿತು.

ಬೇರು ಮಾತ್ರ ಇನ್ನೂ ಹಳೆಯದು. 1854ರಲ್ಲಿ ಕ್ರಿಮಿಯಾದ ಯುದ್ಧದಲ್ಲಿ ಗಾಯಗೊಂಡ ಸೈನಿಕರ ಆರೈಕೆಗೆಂದು ಸ್ಕುಟಾರಿಯ ದವಾಖಾನೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲಳನ್ನು ನಾವು ಪಾಠಪುಸ್ತಕಗಳಲ್ಲಿ ದೀಪ ಹಿಡಿದ ದೇವಿಯೆಂದು ಮಾತ್ರ ಪರಿಚಯಿಸುತ್ತೇವೆ. ದೀಪದಷ್ಟೇ ಪ್ರಖರವಾಗಿದ್ದುದು ಅವಳ ಲೆಕ್ಕದ ವಹಿ. ಸತ್ತವರ ಎಣಿಕೆಯಿಟ್ಟ ಬೇರೆಬೇರೆ ದಫ್ತರಗಳು ಒಂದಕ್ಕೊಂದು ತಾಳೆಯಾಗದಿದ್ದ ಕಾಲದಲ್ಲಿ ಅವಳು ಅಂಕಿಗಳನ್ನು ಕ್ರಮಗೊಳಿಸಿ, ಸೈನಿಕರು ಗಾಯಗಳಿಂದ ಸತ್ತದ್ದಕ್ಕಿಂತ ಕೊಳಕಿನಿಂದ ಹುಟ್ಟಿದ ರೋಗಗಳಿಂದ ಸತ್ತದ್ದೇ ಬಹಳವೆಂದು ಚಿತ್ರ ಬರೆದು ತೋರಿಸಿದಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಅವಳನ್ನು ತನ್ನ ಪ್ರಥಮ ಮಹಿಳಾ ಸದಸ್ಯೆಯನ್ನಾಗಿ ಆರಿಸಿಕೊಂಡಿತು. ಗಣಿತ ಹುಡುಗಿಯರಿಗೆ ಒಗ್ಗುವುದಿಲ್ಲವೆಂದು ಈಗಲೂ ಹೇಳುವ ಹಿರಿಯರು ನಮ್ಮಲ್ಲಿದ್ದಾರೆ; ಅವರಿಗೆ ಈ ಸಂಗತಿಯನ್ನು ಒಮ್ಮೆ ಓದಿ ಹೇಳಬೇಕು.

ಬರೆದ ಅಂಕಿ ಜೀವ ಉಳಿಸುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಬಾಣಂತಿಗೆ ಒಳಗೊಳಗೇ ರಕ್ತಸ್ರಾವವಾಗುತ್ತಿದ್ದರೆ ಮೊದಲು ನಾಡಿಯ ಬಡಿತ ಏರತೊಡಗುತ್ತದೆ. ರಕ್ತದ ಒತ್ತಡ ಇಳಿಯುವುದು ಆಮೇಲೆ. ಒಂದೊಂದೇ ಅಂಕಿಯನ್ನು ಬಿಡಿಬಿಡಿಯಾಗಿ ನೋಡಿದರೆ ಗಾಬರಿಯಾಗುವಂಥದು ಏನೂ ಕಾಣದಿರಬಹುದು. ಸಾಲಾಗಿ ನೋಡಿದರೆ ಏರಿಕೆ ಕಾಣುತ್ತದೆ. ಗಣಕಯಂತ್ರ ಆ ಸಾಲನ್ನು ತಾನೇ ನೋಡಿ ಎಚ್ಚರಿಸಬಲ್ಲದು, ಆದರೆ ಅಂಕಿಯನ್ನು ಆಯಾ ಹೊತ್ತಿಗೆ ತುಂಬಿದ್ದರೆ ಮಾತ್ರ. ಪಾಳಿ ಮುಗಿಯುವಾಗ ನೆನಪಿನಿಂದ ಎಲ್ಲವನ್ನೂ ಒಮ್ಮೆಲೇ ತುಂಬಿದರೆ ಯಂತ್ರದ ಎಚ್ಚರಿಕೆ ಊಟವಾದ ಮೇಲೆ ಬಡಿದ ಗಂಟೆಯಾಗುತ್ತದೆ. ಹಾಗೆ ತಡವಾಗಿ ತುಂಬುವಂತಾದುದು ಏಕೆ? ವಾರ್ಡಿನಲ್ಲಿ ಒಂದೇ ಯಂತ್ರವಿತ್ತೇ, ಒಂದು ಅಂಕಿ ತುಂಬಲು ಆರು ಪುಟ ದಾಟಬೇಕಿತ್ತೇ? ಇದನ್ನು ಕೇಳಬಲ್ಲವಳು ಸ್ವತಃ ಪಾಳಿ ಮಾಡಿದ ಪರಿಚಾರಿಕೆ. ಮಗುವಿನ ತೂಕ 12.0 ಎಂದು ಬರೆಯಹೋಗಿ ಬಿಂದು ತಪ್ಪಿ 120 ಎಂದು ಬಿದ್ದರೆ, ತೂಕದ ಮೇಲೆ ಅಳೆಯುವ ಔಷಧ ಹತ್ತು ಪಟ್ಟಾಗುತ್ತದೆ. ಆದುದರಿಂದ ಮಕ್ಕಳ ವಾರ್ಡಿನಲ್ಲಿ ಇಂಥ ಅಂಕಿಯನ್ನು ಯಂತ್ರ ಒಪ್ಪಕೂಡದೆಂದು ಹೇಳಬಲ್ಲವಳೂ ಅವಳೇ.

ಇನ್ನು ನಮ್ಮ ಗಡಿಯ ಮಾತು. ಅಕ್ಕಲಕೋಟೆಯ ಮಗಳನ್ನು ಆಳಂದಕ್ಕೋ ಅಫಜಲಪುರಕ್ಕೋ ಇಂಡಿಗೋ ಕೊಡುತ್ತೇವೆ. ಗರ್ಭಿಣಿಯಾದಾಗ ಅಲ್ಲಿಯ ಆರೋಗ್ಯ ಸಹಾಯಕಿ ಕರ್ನಾಟಕದ ತಾಯಿ ಕಾರ್ಡಿನಲ್ಲಿ ಕನ್ನಡದಲ್ಲಿ ಎಲ್ಲವನ್ನೂ ಬರೆಯುತ್ತಾಳೆ. ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಏಳನೆಯ ತಿಂಗಳ ಕುಪ್ಪಸವಾದ ಮೇಲೆ ಮಗಳು ಗಡಿ ದಾಟಿ ಬರುತ್ತಾಳೆ. ಇಲ್ಲಿಯ ಸಿಸ್ಟರಬಾಯಿ ಮರಾಠಿಯ ಕಾರ್ಡಿನಲ್ಲಿ ಮೊದಲಿನಿಂದ ಬರೆಯತೊಡಗುತ್ತಾಳೆ. ಹೆರಿಗೆ ಕಷ್ಟವೆಂದರೆ ಸುಮಾರು 40 ಕಿಲೋಮೀಟರಿನ ಸೊಲ್ಲಾಪುರಕ್ಕೆ, ಸಿವಿಲ್ ದವಾಖಾನೆಗೆ ಒಯ್ಯುತ್ತಾರೆ. ಆ ಗಡಿಬಿಡಿಯಲ್ಲಿ ಹಳೆಯ ಕಾರ್ಡು ಅತ್ತೆಯ ಮನೆಯ ಟ್ರಂಕಿನಲ್ಲಿಯೇ ಉಳಿದಿರುತ್ತದೆ. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದು ಕೂಸಿನದು ಪಾಜಿಟಿವ್ ಆಗಿದ್ದರೆ ಹೆರಿಗೆಯಾದ 72 ತಾಸಿನೊಳಗೆ ಆ್ಯಂಟಿ-ಡಿ ಎಂಬ ಚುಚ್ಚುಮದ್ದು ಕೊಡಬೇಕು. ಕೊಡದಿದ್ದರೆ ಅಪಾಯ ಬರುವುದು ಬಹುಶಃ ಈ ಕೂಸಿಗಲ್ಲ, ಮುಂದಿನ ಬಸಿರಿಗೆ. ಸಿವಿಲ್ ದವಾಖಾನೆಯಲ್ಲಿ ರಕ್ತವನ್ನು ಮತ್ತೆ ಪರೀಕ್ಷಿಸುತ್ತಾರೆ, ನಿಜ; ಆದರೆ ಹಿಂದಿನ ಗರ್ಭಪಾತ, ಔಷಧದ ಅಲರ್ಜಿ, ಐದನೆಯ ತಿಂಗಳಲ್ಲಿ ಏರಿದ್ದ ಒತ್ತಡ ಇವೆಲ್ಲ ಯಾವ ಪರೀಕ್ಷೆಯಲ್ಲಿಯೂ ಸಿಗುವುದಿಲ್ಲ. ಅವು ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ರೋಗಿಯ ಜೊತೆಗೆ ಅವಳ ಮಾಹಿತಿಯೂ ಗಡಿ ದಾಟಬೇಕು.

ದಾಟಬೇಕಾದರೆ ಮೊದಲು ಇವಳೇ ಅವಳೆಂದು ಗುರುತು ಸಿಗಬೇಕಲ್ಲ! ಶಾಲೆಯ ದಾಖಲೆಗಳನ್ನು ಇಡುವ ನಮಗೆ ಈ ಕಷ್ಟ ಚೆನ್ನಾಗಿ ಗೊತ್ತು. ಹ್ರಸ್ವ 'ಎ'ಗೂ ಹ್ರಸ್ವ 'ಒ'ಗೂ ಮರಾಠಿಯಲ್ಲಿ ಬೇರೆ ಅಕ್ಷರಗಳಿಲ್ಲ. ಕನ್ನಡದ ಹೆಸರು ಮರಾಠಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಇಳಿಯುವಷ್ಟರಲ್ಲಿ ಹೆತ್ತ ತಾಯಿಗೂ ಗುರುತು ಹತ್ತುವುದಿಲ್ಲ. ಒಬ್ಬಳೇ ಯಲ್ಲವ್ವ ಒಂದು ಕಾಗದದಲ್ಲಿ 'ವೈ' ಅಕ್ಷರದಿಂದ, ಇನ್ನೊಂದರಲ್ಲಿ 'ಇ' ಅಕ್ಷರದಿಂದ ಆರಂಭವಾಗುತ್ತಾಳೆ. ಇತ್ತ ಅಡ್ಡಹೆಸರು ಮೊದಲು, ಗಂಡನ ಹೆಸರು ನಡುವೆ. ಅತ್ತ ಬೇರೆಯೇ ಪದ್ಧತಿ. ಹುಟ್ಟಿದ ದಿನಾಂಕದಿಂದ ಗುರುತಿಸೋಣವೆಂದರೆ ಹಳೆಯ ತಲೆಮಾರಿನಲ್ಲಿ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ! ಹುಟ್ಟಿದ ದಿನ ಮನೆಯವರಿಗೆ ನೆನಪಿಲ್ಲದಿದ್ದಾಗ, ಶಾಲೆಗೆ ಸೇರಿಸುವ ವಯಸ್ಸು ಕೂಡಿಬರಲೆಂದು ಹಿಂದಿನ ಗುರುಗಳು ದಯೆಯಿಂದ ಬರೆದ ದಿನಾಂಕವದು. ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಕುಳಿತು ಕಾರ್ಯಕ್ರಮ ಬರೆಯುವ ಜಾಣ ಎಂಜಿನಿಯರನಿಗೆ ಈ ಜೂನ್ 1ರ ಗುಟ್ಟು ಎಲ್ಲಿ ತಿಳಿಯಬೇಕು? ನಮ್ಮ ಹುಡುಗಿಗೆ ತಿಳಿದಿದೆ.

ಸರಕಾರವೂ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಅನ್ವಯವಾಗುವಂತೆ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕಿಯ 'ಆಭಾ' ಸಂಖ್ಯೆಯನ್ನು ಕೊಡುತ್ತದೆ; ರೋಗಿ ಒಪ್ಪಿದರೆ ಒಂದು ದವಾಖಾನೆಯ ದಾಖಲೆ ಇನ್ನೊಂದಕ್ಕೆ ದೊರೆಯಬೇಕೆಂಬುದು ಅದರ ಉದ್ದೇಶ. ರೋಗಗಳನ್ನೂ ಚಿಕಿತ್ಸೆಗಳನ್ನೂ ಎಲ್ಲೆಡೆಯೂ ಒಂದೇ ಸಂಕೇತದಿಂದ ಬರೆಯುವ ಸ್ನೋಮೆಡ್ ಸಿ.ಟಿ. ಎಂಬ ಅಂತರರಾಷ್ಟ್ರೀಯ ಪದಕೋಶಕ್ಕೆ ಭಾರತ 2014ರಲ್ಲಿಯೇ ಸದಸ್ಯನಾಯಿತು. ಯೋಜನೆ ದಿಲ್ಲಿಯದು, ಅದು ನಿಲ್ಲುವುದೋ ಬೀಳುವುದೋ ಹಳ್ಳಿಯ ಉಪಕೇಂದ್ರದಲ್ಲಿ.

ದಾರಿ ಹೇಗೆ? ಮೊದಲು ಪರಿಚಾರಿಕೆಯಾಗಬೇಕು. ಇದರಲ್ಲಿ ಅಡ್ಡದಾರಿಯಿಲ್ಲ. ಹನ್ನೆರಡನೆಯ ಇಯತ್ತೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷು ಓದಿದವರಿಗೆ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಇದೆ. ಕಲಾ ಶಾಖೆಯವರಿಗೆ ಮೂರು ವರ್ಷದ ಜಿ.ಎನ್.ಎಂ. ಶಿಕ್ಷಣವಿದೆ, ಅದನ್ನು ಮುಗಿಸಿದವರು ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವಿ ಪಡೆಯಬಹುದು. ಮಹಾರಾಷ್ಟ್ರದಲ್ಲಿ ಪದವಿಯ ಪ್ರವೇಶಕ್ಕೆ ಈಗ ಸಿ.ಇ.ಟಿ. ಬರೆಯಬೇಕು, ಪದವಿ ಕೊಡುವುದು ನಾಸಿಕದ ಆರೋಗ್ಯ ವಿಜ್ಞಾನ ವಿದ್ಯಾಪೀಠ. ಕಲಿಸುವ ಸಂಸ್ಥೆಗಳು ಸೊಲ್ಲಾಪುರದಲ್ಲಿಯೇ ಇವೆ. ಹಣ ಕಟ್ಟುವ ಮೊದಲು ಆ ಸಂಸ್ಥೆಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮತ್ತು ಮಹಾರಾಷ್ಟ್ರ ನರ್ಸಿಂಗ್ ಪರಿಷತ್ತಿನ ಮನ್ನಣೆ ಇದೆಯೇ ಎಂಬುದನ್ನು ಕಡ್ಡಾಯವಾಗಿ ವಿಚಾರಿಸಿರಿ; ಬಣ್ಣದ ಜಾಹೀರಾತಿಗೆ ಮರುಳಾಗಬೇಡಿರಿ. ಸಂತೋಷದ ಸಂಗತಿಯೆಂದರೆ, 2021ರಲ್ಲಿ ಪರಿಷತ್ತು ಬಿ.ಎಸ್ಸಿ. ಪಠ್ಯಕ್ರಮವನ್ನು ಸೆಮಿಸ್ಟರ್ ಪದ್ಧತಿಗೆ ತಂದಾಗ ಆರೋಗ್ಯ ಹಾಗೂ ಶುಶ್ರೂಷಾ ಮಾಹಿತಿಶಾಸ್ತ್ರವನ್ನು ಎರಡನೆಯ ಸೆಮಿಸ್ಟರಿನಲ್ಲಿ ಒಂದು ವಿಷಯವಾಗಿಯೇ ಸೇರಿಸಿತು. ಹುಡುಗಿಯರು ಅದನ್ನು ಪಾಸಾಗಲೆಂದು ಮಾತ್ರ ಓದಬಾರದು.

ಕನ್ನಡ ಶಾಲೆಯಿಂದ ಬಂದ ಮಕ್ಕಳಿಗೆ ಹನ್ನೊಂದನೆಯ ಇಯತ್ತೆಯ ವಿಜ್ಞಾನ ಇಂಗ್ಲಿಷಿನಲ್ಲಿ ಎದುರಾದಾಗ ಎದೆ ನಡುಗುವುದು ಸಹಜ. ಆರು ತಿಂಗಳ ನಡುಕವದು. ನಿತ್ಯ ಹತ್ತು ಪದ ಬರೆದು ಕಲಿತವರು ದಾಟಿ ಹೋಗಿದ್ದಾರೆ. ಮರೆಯಬಾರದ ಇನ್ನೊಂದು ಸಂಗತಿ: ಸೊಲ್ಲಾಪುರದ ವಾರ್ಡಿನಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ನಾಲ್ಕೂ ಕೇಳಿಸುತ್ತವೆ. ನೇಕಾರರ ಪೇಟೆಯ ಅಜ್ಜಿ ತೆಲುಗಿನಲ್ಲಿ, ಮೈಂದರ್ಗಿಯ ಅಜ್ಜ ಕನ್ನಡದಲ್ಲಿ ನೋವನ್ನು ಹೇಳುತ್ತಾರೆ. "ಎದಿ ಉರಿತದ" ಎಂದಾಗ ಅದು ಹೊಟ್ಟೆಯ ಆಮ್ಲವೋ ಹೃದಯದ ನೋವೋ ಎಂದು ಮರುಪ್ರಶ್ನೆ ಕೇಳಿ, ಸರಿಯಾದ ಸಂಕೇತದಲ್ಲಿ ಬರೆಯಬೇಕಾದವಳಿಗೆ ಇಂಗ್ಲಿಷೊಂದೇ ಸಾಲದು.

ಪದವಿ ಬಂದು ಪರಿಷತ್ತಿನಲ್ಲಿ ನೋಂದಣಿಯಾದ ಮೇಲೆ ಕನಿಷ್ಠ ಎರಡು ಮೂರು ವರ್ಷ ರೋಗಿಯ ಹಾಸಿಗೆಯ ಬಳಿ ದುಡಿಯಬೇಕು. ಕಂಪ್ಯೂಟರಿನ ಮುಂದೆ ಕೂಡುವ ಅವಸರದಿಂದ ಇದನ್ನು ಬಿಟ್ಟವರು ಅಂಕಿ ತುಂಬುವ ಗುಮಾಸ್ತರಾಗಿ ಉಳಿಯುತ್ತಾರೆಂಬುದು ನನ್ನ ಅಭಿಪ್ರಾಯ. ದವಾಖಾನೆಯಲ್ಲಿ ಹೊಸ ಗಣಕ ವ್ಯವಸ್ಥೆ ಬರುವಾಗ ಪ್ರತಿ ವಾರ್ಡಿನಿಂದ ಒಬ್ಬಳನ್ನು ಮೊದಲು ಕಲಿತು ಉಳಿದವರಿಗೆ ಕಲಿಸಲು ಆರಿಸುತ್ತಾರೆ. ಹಿರಿಯರು ಹಿಂಜರಿಯುವ ಆ ಕೆಲಸಕ್ಕೆ ಕೈಯೆತ್ತುವುದೇ ಈ ವೃತ್ತಿಯ ಬಾಗಿಲು. ಎಕ್ಸೆಲ್ ಚೆನ್ನಾಗಿ ಬರಬೇಕು. ಮುಂದೆ ದತ್ತಾಂಶದ ಕೋಶದಿಂದ ಬೇಕಾದುದನ್ನು ಹೆಕ್ಕುವ ಎಸ್.ಕ್ಯೂ.ಎಲ್. ಎಂಬ ಭಾಷೆಯನ್ನು ಬಿಡುವಿನಲ್ಲಿ ಕಲಿಯಬಹುದು. ಎಂಜಿನಿಯರಳಾಗಬೇಕಿಲ್ಲ, ಎಂಜಿನಿಯರನ ಮಾತು ಪರಿಚಾರಿಕೆಗೆ, ಪರಿಚಾರಿಕೆಯ ಮಾತು ಎಂಜಿನಿಯರನಿಗೆ ತಿಳಿಯುವಂತೆ ಹೇಳಬಲ್ಲವಳಾದರೆ ಸಾಕು.

ನೌಕರಿಯ ವಿಷಯದಲ್ಲಿ ಸಕ್ಕರೆ ಬೆರೆಸದೆ ಹೇಳುತ್ತೇನೆ. ದೆಹಲಿಯ ಏಮ್ಸ್ ದವಾಖಾನೆಯಲ್ಲಿ ಪರಿಚಾರಿಕೆಯರನ್ನೇ ಶುಶ್ರೂಷಾ ಮಾಹಿತಿ ತಜ್ಞರೆಂದು ಗಣಕೀಕರಣದ ಕೆಲಸಕ್ಕೆ ತೊಡಗಿಸಿದ ಉದಾಹರಣೆಯಿದೆ. ಆದರೆ ನಮ್ಮ ಕಡೆ ಈ ಹೆಸರಿನ ಹುದ್ದೆಯ ಜಾಹೀರಾತು ವಿರಳ. ಕೆಲಸವಿದೆ, ಹೆಸರು ಬೇರೆ: ಗುಣಮಟ್ಟ ವಿಭಾಗದ ಪರಿಚಾರಿಕೆ, ಗಣಕ ವ್ಯವಸ್ಥೆಯ ಸಂಯೋಜಕಿ, ತಂತ್ರಾಂಶ ಕಂಪನಿಗಳಲ್ಲಿ ದವಾಖಾನೆಗಳಿಗೆ ಹೋಗಿ ಕಲಿಸುವ ತಜ್ಞೆ, ಹೀಗೆ. ಅಮೇರಿಕೆಯಲ್ಲಿ ಇದಕ್ಕೆ ಪ್ರತ್ಯೇಕ ಪ್ರಮಾಣಪತ್ರದ ಪರೀಕ್ಷೆಯೇ ಇದೆ. ಅದಕ್ಕೂ ಮೊದಲು ಅಲ್ಲಿಯ ನರ್ಸಿನ ಪರವಾನಗಿ ಬೇಕು. ಹೊಸ ಹೆಸರನ್ನು ಕಂಡು ತಂದೆತಾಯಿಗಳು ಸಾಲ ಮಾಡಿ ಮೂರು ತಿಂಗಳ ಖಾಸಗಿ ಕೋರ್ಸಿಗೆ ಹಾಕುವುದು ಬೇಡ. ನರ್ಸಿಂಗಿನ ಪದವಿಯೇ ಅನ್ನ ಕೊಡುವ ಗಟ್ಟಿ ನೆಲ. ಇದು ಅದರ ಮೇಲೆ ಕಟ್ಟುವ ಅಟ್ಟ.

ಯಂತ್ರದ ಬಗೆಗೆ ನನಗೆ ಮೋಹವಿಲ್ಲ. ಉಪಕೇಂದ್ರದ ಸಿಸ್ಟರಬಾಯಿ ವಹಿಯಲ್ಲಿ ಬರೆದುದನ್ನೇ ಅನಮೋಲ್ ಆ್ಯಪಿನಲ್ಲಿ ಮತ್ತೆ ತುಂಬುವುದನ್ನು, ನೆಟವರ್ಕ್ ಹುಡುಕುತ್ತ ಮಾಳಿಗೆ ಏರುವುದನ್ನು ಊರವರು ಕಂಡಿದ್ದಾರೆ. ಕೂಸನ್ನು ನೋಡಬೇಕಾದ ಕಣ್ಣು ಪರದೆಯನ್ನು ನೋಡುವಂತಾದರೆ ಆ ವ್ಯವಸ್ಥೆಯೇ ಸೋತಂತೆ. ಎರಡು ಸಲ ಬರೆಯುವುದು ಏಕೆಂದು ಅಧಿಕಾರಿಗಳೆದುರು ಲೆಕ್ಕ ಸಮೇತ ಕೇಳುವುದೂ ಈ ಶಾಸ್ತ್ರ ಕಲಿತವಳ ಕರ್ತವ್ಯವೇ. ಗೌಪ್ಯದ ಮಾತೂ ಹಾಗೆಯೇ. ಚಿಕ್ಕ ಊರಿನಲ್ಲಿ ಒಬ್ಬ ಹುಡುಗಿಯ ಕ್ಷಯದ ಸುದ್ದಿ ಹೊರಬಿದ್ದರೆ ಅವಳ ಮದುವೆಯೇ ನಿಲ್ಲಬಹುದು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯದೆ ಆಗಿದೆ. ಆದರೆ ಗುಪ್ತಪದವನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸುವ ರೂಢಿಯನ್ನು ಕಾಯದೆಯೊಂದೇ ತಪ್ಪಿಸಲಾರದು, ವಾರ್ಡಿನಲ್ಲಿ ನಿಂತು ತಿದ್ದುವವರು ಬೇಕು.

ಬರುವ ವರ್ಷ ಪ್ರವೇಶ ಬಯಸುವವರು ಈಗಲೇ ಮಾಡಬೇಕಾದ ಒಂದು ಕೆಲಸವಿದೆ. ಹತ್ತನೆಯ ಇಯತ್ತೆಯ ಗುಣಪತ್ರಿಕೆ, ಶಾಲೆ ಬಿಟ್ಟ ದಾಖಲೆ, ಆಧಾರ ಕಾರ್ಡು, ಜಾತಿಯ ಪ್ರಮಾಣಪತ್ರ ಈ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಮಗಳ ಹೆಸರನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡಿರಿ. 'ವೈ' ಮತ್ತು 'ಇ'ಗಳ ವ್ಯತ್ಯಾಸ ಅಲ್ಲಿ ಕಂಡರೆ ಶಾಲೆಗೆ ಬನ್ನಿರಿ. ತಿದ್ದುಪಡಿಯ ಅರ್ಜಿಗೆ ಸಮಯ ಹಿಡಿಯುತ್ತದೆ, ಸಿ.ಇ.ಟಿ. ಅರ್ಜಿಯ ಕೊನೆಯ ವಾರದಲ್ಲಿ ಓಡಾಡಿದರೆ ಆಗುವ ಕೆಲಸವಲ್ಲ.