ರವಿಕೆ ಕಣದ ಸಂಭಾವನೆ

ಹಾಡುವ ಹೆಣ್ಣುಮಕ್ಕಳ ಸಂದರ್ಶನ ಎಲ್ಲಿ ಬಂದರೂ ನಾನು ಬಿಡುವುದಿಲ್ಲ. ಪತ್ರಿಕೆಯಲ್ಲಿ ಬಂದರೆ ಓದುತ್ತೇನೆ, ರೇಡಿಯೋದಲ್ಲಿ ಬಂದರೆ ಒಲೆಯ ಮೇಲಿನ ಒಗ್ಗರಣೆ ಸೀದರೂ ಸರಿ ಎಂದು ಕೇಳುತ್ತೇನೆ, ಈಗೀಗ ಮಗಳ ಮೊಬೈಲಿನಲ್ಲೂ ನೋಡುತ್ತೇನೆ. ಇಷ್ಟು ವರ್ಷಗಳಲ್ಲಿ ಪ್ರಶ್ನೆಗಳೆಲ್ಲ ನನಗೆ ಬಾಯಿಪಾಠವಾಗಿವೆ. ಎಷ್ಟನೇ ವಯಸ್ಸಿನಿಂದ ಹಾಡುತ್ತಿದ್ದೀರಿ? ಗುರುಗಳು ಯಾರು? ಮೆಚ್ಚಿನ ರಾಗ ಯಾವುದು? ಯಜಮಾನರ ಪ್ರೋತ್ಸಾಹ ಹೇಗಿದೆ? ಮನೆ, ಸಂಗೀತ ಎರಡನ್ನೂ ಹೇಗೆ ನಿಭಾಯಿಸುತ್ತೀರಿ? ಕಿರಿಯರಿಗೆ ನಿಮ್ಮ ಕಿವಿಮಾತೇನು? ಆಕೆಯೂ ನಗುನಗುತ್ತಾ ಉತ್ತರಿಸುತ್ತಾಳೆ. ಯಜಮಾನರು ದೇವರಂಥವರು, ಅತ್ತೆಯವರು ತಾಯಿಯಂಥವರು, ಸಂಗೀತವೇ ನನ್ನ ಉಸಿರು. ಮುಗಿಯಿತು ಸಂದರ್ಶನ.

ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಮ್ಮಾ, ಹಾಡಿದ್ದಕ್ಕೆ ನಿಮಗೆ ಎಷ್ಟು ಕೊಡುತ್ತಾರೆ?

ನಾನು ಹೇಳುತ್ತಿರುವುದು ಸಿನಿಮಾ ಗಾಯಕಿಯರ ವಿಷಯವಲ್ಲ. ಆಕಾಶವಾಣಿಯಲ್ಲೋ ಕಾಲೇಜಿನಲ್ಲೋ ನೌಕರಿಯಲ್ಲಿದ್ದು ತಿಂಗಳ ಸಂಬಳ ತರುವವರ ವಿಷಯವೂ ಅಲ್ಲ. ನಮ್ಮಂಥ ಊರುಗಳಲ್ಲಿ ಮನೆಯ ನಡುಕೋಣೆಯಲ್ಲಿ ಚಾಪೆ ಹಾಸಿ ನಾಲ್ಕು ಮಕ್ಕಳಿಗೆ ಸರಳೆ ಜಂಟೆ ಹೇಳಿಕೊಟ್ಟು, ನವರಾತ್ರಿಯಲ್ಲಿ, ಗಣೇಶನ ಪೆಂಡಾಲಿನಲ್ಲಿ, ಮದುವೆಯ ಆರತಕ್ಷತೆಯಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡುವ ಹೆಂಗಸರ ವಿಷಯ. ಇವರಿಗೆ ಕರಪತ್ರದಲ್ಲಿ 'ಸ್ವತಂತ್ರ ಕಲಾವಿದೆ' ಎಂದು ಅಚ್ಚು ಹಾಕಿಸುತ್ತಾರೆ. ಎಂಥ ಚೆಂದದ ಮಾತು! ಸಂಬಳದಿಂದ ಸ್ವತಂತ್ರೆ, ಪೆನ್ಷನ್ನಿನಿಂದ ಸ್ವತಂತ್ರೆ, ಬಸ್ ಚಾರ್ಜಿನಿಂದಲೂ ಸ್ವತಂತ್ರೆ.

ನಾನೂ ಇಂಥವರಲ್ಲಿ ಒಬ್ಬಳು. ಮೂವತ್ತು ವರ್ಷಗಳಿಂದ ಮನೆಯಲ್ಲಿ ಪಾಠ ಹೇಳುತ್ತಿದ್ದೇನೆ, ಕರೆದಲ್ಲಿ ಹೋಗಿ ಹಾಡುತ್ತಿದ್ದೇನೆ. ಆದ್ದರಿಂದ ಲೆಕ್ಕ ನನಗೆ ಗೊತ್ತು. ಒಂದು ಸಲ ನಮ್ಮೂರಿನ ಒಂದು ಸಂಘದವರು ಉತ್ಸವಕ್ಕೆ ಕರೆದರು. ಶಾಮಿಯಾನದವನಿಗೆ ಮುಂಗಡ ಕೊಟ್ಟಿದ್ದರು. ಮೈಕಿನವನು ಬಾಕಿ ಕೊಡದಿದ್ದರೆ ವೈರು ಸುತ್ತುತ್ತೇನೆ ಎಂದಾಗ ಅವನಿಗೂ ಎಣಿಸಿ ಕೊಟ್ಟರು. ಹೂವಿನವನಿಗೆ, ಅಡುಗೆಯವರಿಗೆ, ಪೋಟೋದವನಿಗೆ, ಎಲ್ಲರಿಗೂ ಆಯಿತು. ನನಗೆ ತಬಲಾ ನುಡಿಸಿದವರಿಗೂ ಒಂದು ಕವರು ಬಂತು. ಬರಲೇಬೇಕು, ಅವರ ಬೆರಳಿನ ಕೆಲಸ ಸಣ್ಣದಲ್ಲ. ನನ್ನ ಕೈಗೆ ಬಂದದ್ದು ಒಂದು ತಟ್ಟೆ. ಅದರಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಎರಡು ಬಾಳೆಹಣ್ಣು, ಒಂದು ರವಿಕೆ ಕಣ. ತಬಲಾದವರಿಗೆ ಹೇಗೆ ಕೊಟ್ಟಿರೋ ಹಾಗೆ ನನಗೂ ಕೊಡಬಹುದಲ್ಲ ಎಂದು ಕೇಳಿಯೇ ಕೇಳಿದೆ. ಕಾರ್ಯದರ್ಶಿಗಳಿಗೆ ಆಶ್ಚರ್ಯವಾಯಿತು. "ಅಯ್ಯೋ, ಅವರಿಗೆ ಸಂಸಾರ ಇದೆಯಲ್ಲಮ್ಮಾ!" ಎಂದರು.

ನನಗೆ ಏನಿದೆ ಎಂದು ಅವರು ತಿಳಿದಿದ್ದರೋ!

ನೋಡಿ, ಒಂದು ಗಂಟೆ ಹಾಡಬೇಕಾದರೆ ಅದರ ಹಿಂದೆ ಏನೇನಿರುತ್ತದೆ ಎನ್ನುವುದನ್ನು ಹಾಡದವರಿಗೆ ಹೇಳಲೇಬೇಕು. ಹದಿನೈದು ದಿನ ಮೊದಲಿನಿಂದ ಹಾಡುಗಳನ್ನು ಆರಿಸಬೇಕು. ಒಂದರ ಹಿಂದೆ ಒಂದು ಒಂದೇ ಛಾಯೆಯ ರಾಗ ಬರಬಾರದು, ಒಂದೇ ತಾಳ ಬರಬಾರದು. ವಾದ್ಯದವರನ್ನು ಮನೆಗೆ ಕರೆಸಿ ಕಾಫಿ ತಿಂಡಿ ಕೊಟ್ಟು ಅಭ್ಯಾಸ ಮಾಡಬೇಕು. ಗಂಟಲು ಕೆಡದಂತೆ ಮೊಸರು ಬಿಡಬೇಕು, ಕರಿದದ್ದು ಬಿಡಬೇಕು. ಕಾರ್ಯಕ್ರಮದ ದಿನ ಬೆಳಗ್ಗೆಯೇ ರಾತ್ರಿಯ ಅಡುಗೆಯನ್ನೂ ಮಾಡಿಟ್ಟು ಹೊರಡಬೇಕು. ಇದಕ್ಕೂ ಹಿಂದೆ ಹತ್ತು ಹದಿನೈದು ವರ್ಷಗಳ ಕಲಿಕೆ ಇದೆ. ನಸುಕಿನಲ್ಲಿ ಎದ್ದು ಮನೆಯವರ ನಿದ್ದೆ ಕೆಡದಂತೆ ಬಾಗಿಲು ಹಾಕಿಕೊಂಡು ಸ್ವರ ಹಿಡಿದ ಬೆಳಗುಗಳಿವೆ.

ಹಾಡು ಕಟ್ಟುವ ಕೆಲಸ ಇನ್ನೊಂದು. ಒಬ್ಬ ಕವಿಯ ಪದ್ಯವನ್ನು ತಿಂಗಳುಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡು ತಿರುಗುತ್ತೇವೆ. ಪಾತ್ರೆ ತೊಳೆಯುವಾಗ ಪಲ್ಲವಿ ಹೊಳೆಯುತ್ತದೆ, ಎರಡನೆಯ ನುಡಿಗೆ ಬಂದಾಗ ಅದೇ ಧಾಟಿ ಅರ್ಥಕ್ಕೆ ಒಗ್ಗುವುದಿಲ್ಲ, ಮತ್ತೆ ಮುರಿದು ಕಟ್ಟುತ್ತೇವೆ. ಹೀಗೆ ಕಟ್ಟಿದ ಧಾಟಿಯನ್ನು ನಾಲ್ಕು ಜನ ಹೆಂಗಸರು ಕಲಿತು ಹಾಡಿದರೆ, ಐದನೆಯ ವರ್ಷಕ್ಕೆ ಅದು 'ಸಾಂಪ್ರದಾಯಿಕ' ಎಂದಾಗುತ್ತದೆ. ಗಂಡಸು ರಾಗ ಹಾಕಿದರೆ ಅವನ ಹೆಸರು ಹಾಡಿನೊಂದಿಗೆ ಉಳಿಯುತ್ತದೆ. ನಮ್ಮದು ಅಡುಗೆಯಂತೆ. ಉಂಡವರು ಕೈ ತೊಳೆದರೆ ಆಯಿತು.

ದುಡ್ಡಿನ ಮಾತೆತ್ತಿದರೆ ಬರುವ ಮೊದಲ ಉತ್ತರ, "ಸಂಗೀತ ಸರಸ್ವತಿ. ಸರಸ್ವತಿಯನ್ನು ಮಾರಬಾರದು." ಇದನ್ನು ಹೇಳುವವರು ತಮ್ಮ ಮಗನ ಇಂಜಿನಿಯರಿಂಗ್ ಸೀಟಿಗೆ ಲಕ್ಷಗಟ್ಟಲೆ ಕಟ್ಟಿ ಬಂದಿರುತ್ತಾರೆ. ಅಲ್ಲಿ ಸರಸ್ವತಿಗೆ ರಸೀದಿ ಉಂಟು. ಇನ್ನು ಕೆಲವರು ತ್ಯಾಗರಾಜರನ್ನು ಮುಂದೆ ತರುತ್ತಾರೆ. ಅವರು ತಂಜಾವೂರಿನ ಅರಮನೆಯ ಕರೆಯನ್ನು ಒಲ್ಲೆ ಎಂದರಂತೆ. ನಿಜ. ಆದರೆ ಅವರು ಉಂಛವೃತ್ತಿಗೆ ಹೊರಟರೆ ಬೀದಿಯ ಮನೆಗಳು ಅಕ್ಕಿ ಹಾಕುತ್ತಿದ್ದವು. ನಮ್ಮ ಬಡಾವಣೆಯಲ್ಲಿ ಸಂಗೀತದ ಟೀಚರಮ್ಮ ತಂಬೂರಿ ಹಿಡಿದು ಬೆಳಗ್ಗೆ ಬಂದರೆ ಎಷ್ಟು ಮನೆಯ ಗೇಟು ತೆರೆಯುತ್ತದೆ, ನೀವೇ ಹೇಳಿ. ಅರಮನೆಯನ್ನು ಬೇಡವೆಂದದ್ದು ಅವರ ಆಯ್ಕೆ. ನಮಗೆ ಅರಮನೆಯೂ ಇಲ್ಲ, ಅಕ್ಕಿಯೂ ಇಲ್ಲ.

"ಎಂ.ಎಸ್. ಸುಬ್ಬುಲಕ್ಷ್ಮಿಯವರು ದಾನಕ್ಕೆ ಹಾಡಲಿಲ್ಲವೇ?" ಎಂದೂ ಕೇಳುತ್ತಾರೆ. ಹಾಡಿದರು. 1944ರಲ್ಲಿ ಕಸ್ತೂರ್‌ಬಾ ಸ್ಮಾರಕ ನಿಧಿಗಾಗಿ ಐದು ಕಛೇರಿ ಮಾಡಿದರು. ಮುಂದೆ ಎಷ್ಟೋ ಆಸ್ಪತ್ರೆಗಳಿಗೆ, ಶಾಲೆಗಳಿಗೆ, ಗುಡಿಗಳಿಗೆ ಹಾಡಿ ಹಣ ಕೂಡಿಸಿದರು. 1974ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದೂ ಸಾರ್ವಜನಿಕ ಸೇವೆಗಾಗಿಯೇ. ಆದರೆ ಸ್ವಲ್ಪ ಯೋಚಿಸಿ. ಆ ಕಛೇರಿಗಳಿಗೆ ಟಿಕೆಟ್ಟು ಇತ್ತು. ಅವರ ಹಾಡಿಗೆ ಬೆಲೆ ಇತ್ತು, ಆ ಬೆಲೆಯನ್ನು ಎಣಿಸಿ ತೆಗೆದುಕೊಂಡು ದಾನ ಕೊಟ್ಟರು. ದಾನ ಕೊಡಬೇಕಾದರೆ ಮೊದಲು ಅದು ನಮ್ಮದಾಗಿರಬೇಕು. ಕೊಡದೇ ಇಟ್ಟುಕೊಂಡ ಹಣವನ್ನು ನಮ್ಮ ಲೆಕ್ಕದಲ್ಲಿ ದಾನವೆಂದು ಬರೆದುಕೊಳ್ಳುವುದಕ್ಕೆ ಬೇರೆ ಹೆಸರಿದೆ.

ಎರಡನೆಯ ಉತ್ತರ ನಮ್ಮ ಹೆಂಗಸರ ಬಾಯಿಂದಲೇ ಬರುತ್ತದೆ. "ಏನ್ರೀ, ನಿಮ್ಮೆಜಮಾನರು ಚೆನ್ನಾಗಿ ದುಡಿಯುತ್ತಾರಲ್ಲ, ನಿಮಗ್ಯಾಕ್ರೀ ಈ ದುಡ್ಡು?" ಡಾಕ್ಟರಮ್ಮನಿಗೆ ಈ ಪ್ರಶ್ನೆ ಕೇಳುತ್ತೀರಾ? ನಿಮ್ಮ ಗಂಡ ದುಡಿಯುತ್ತಾರಲ್ಲ, ನನ್ನ ಜ್ವರಕ್ಕೆ ಫೀಸ್ಯಾಕೆ ಎನ್ನುತ್ತೀರಾ? ಗಂಡನ ಸಂಬಳ ನೋಡಿ ಹೆಂಡತಿಯ ಕೆಲಸಕ್ಕೆ ಬೆಲೆ ಕಟ್ಟುವುದಾದರೆ, ಗಂಡನಿಲ್ಲದ ಹಾಡುಗಾರ್ತಿಗೆ ಎರಡು ಪಾಲು ಕೊಡಬೇಕಲ್ಲವೇ? ಅದನ್ನೂ ಯಾರೂ ಮಾಡಿದ್ದನ್ನು ನಾನು ಕಾಣೆ. ಅವಳನ್ನು ಅರಿಶಿನ ಕುಂಕುಮಕ್ಕೆ ಕರೆಯುವುದನ್ನೇ ಬಿಟ್ಟಿರುತ್ತಾರೆ.

ಇವೆಲ್ಲ ಮೇಲಿನ ಮಾತುಗಳು. ಅಡಿಯಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ನಾನು ಆಡಿಬಿಡುತ್ತೇನೆ. ನಮ್ಮ ದೇಶದಲ್ಲಿ ಬಹಳ ಕಾಲ ವೇದಿಕೆಯ ಮೇಲೆ ಹಾಡಿ ಹಣ ಪಡೆಯುತ್ತಿದ್ದ ಹೆಂಗಸರನ್ನು ಸಮಾಜ ಬೇರೆ ಸಾಲಿನಲ್ಲಿ ಕೂರಿಸಿತ್ತು. ಅವರ ಹಾಡು ಬೇಕಿತ್ತು, ಅವರು ಬೇಕಿರಲಿಲ್ಲ. ಮುಂದೆ 'ಮರ್ಯಾದಸ್ಥ' ಮನೆಯ ಹೆಣ್ಣುಮಕ್ಕಳು ಹಾಡತೊಡಗಿದಾಗ ತಾವು ಆ ಸಾಲಿನವರಲ್ಲ ಎಂದು ತೋರಿಸಬೇಕಾಯಿತು. ಹೇಗೆ ತೋರಿಸುವುದು? ದುಡ್ಡು ಮುಟ್ಟದೆ! ಅಂದಿನಿಂದ ರವಿಕೆ ಕಣ ನಮಗೆ ಮರ್ಯಾದೆಯ ಸರ್ಟಿಫಿಕೇಟಾಯಿತು. ಆ ತಟ್ಟೆಯನ್ನು ಹಣೆಗೆ ಒತ್ತಿಕೊಳ್ಳುವಾಗ ನಾವು ನಮಗೆ ಗೊತ್ತಿಲ್ಲದೆಯೇ ನಮಗಿಂತ ಮೊದಲು ಹಾಡಿದ ತಾಯಂದಿರನ್ನು ಹೀಗಳೆಯುತ್ತಿದ್ದೇವೆ.

ಆ ತಾಯಂದಿರು ಯಾರು? ನಂಜನಗೂಡಿನ ಕಡೆ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಅವರಲ್ಲಿ ಒಬ್ಬರು. ದೇವದಾಸಿ ಮನೆತನದ ಹೆಣ್ಣು. ಹಾಡಿ ಸಂಪಾದಿಸಿದರು, ಲೆಕ್ಕ ಇಟ್ಟರು, ಆಸ್ತಿ ಮಾಡಿದರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳು ಬಿದ್ದಿದ್ದಾಗ ತಮ್ಮ ಸಂಪಾದನೆಯನ್ನು ಸುರಿದು ಗುಡಿ ಕಟ್ಟಿಸಿದರು. ಅಲ್ಲಿಯ ಆರಾಧನೆಯಲ್ಲಿ ಹೆಂಗಸರು ಹಾಡಕೂಡದು ಎಂದಾಗ ಹೆಂಗಸರದೇ ಬೇರೆ ಬಳಗ ಕಟ್ಟಿ ಹಾಡಿಸಿದರು. 1952ರಲ್ಲಿ ತೀರಿಕೊಂಡ ಅವರನ್ನು ಇಂದು ಮಹಾಭಕ್ತೆ ಎಂದು ಹೊಗಳುತ್ತಾರೆ. ಭಕ್ತಿ ಇದ್ದೇ ಇತ್ತು. ಆದರೆ ಗುಡಿ ಕಟ್ಟಿದ್ದು ಬರಿಯ ಭಕ್ತಿಯಲ್ಲ, ಕಛೇರಿಯ ಸಂಭಾವನೆ. ರವಿಕೆ ಕಣಗಳನ್ನು ಒಂದರ ಮೇಲೊಂದು ಪೇರಿಸಿದರೆ ಗೋಡೆ ಏಳುವುದಿಲ್ಲ.

ಇನ್ನೊಬ್ಬರು ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಹಾಡಿದಾಗ ಹನ್ನೊಂದರ ಹುಡುಗಿ. ಹಾಡು ಮುಗಿದ ಮೇಲೆ ಎಂಜಲೆಲೆ ಎತ್ತಲು ಹೇಳುತ್ತಾರೇನೋ ಎಂಬ ಭಯ ಆ ಹುಡುಗಿಯ ಮನಸ್ಸಿನಲ್ಲಿತ್ತೆಂದು ಮುಂದೆ ಅವರೇ ನೆನೆಸಿಕೊಂಡಿದ್ದಾರೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರಲ್ಲಿ ಕಲಿತರು. ಸಂಸಾರದ ಭಾರವನ್ನು ಹಾಡಿನಿಂದಲೇ ಹೊತ್ತರು. ಗಂಡಸು ಹಾಡಿದರೆ ಪಂಡಿತನೋ ಉಸ್ತಾದನೋ ಆಗುತ್ತಾನೆ, ಹೆಣ್ಣು ಎಷ್ಟು ದೊಡ್ಡವಳಾದರೂ 'ಬಾಯಿ'ಯಾಗಿಯೇ ಉಳಿಯುತ್ತಾಳೆ ಎಂಬ ಅರ್ಥದ ಮಾತನ್ನು ಅವರು ಆಡಿದ್ದರು. 2002ರಲ್ಲಿ ಪದ್ಮವಿಭೂಷಣ ಬಂತು, 2009ರಲ್ಲಿ ಹೋದರು. ಅವರು ತಮ್ಮ ಬದುಕಿನ ಬಗ್ಗೆ ಮಾತಾಡುವಾಗ ಬಡತನವನ್ನು ಮುಚ್ಚಿಡಲಿಲ್ಲ, ಜಾತಿಯ ಅವಮಾನವನ್ನು ಮುಚ್ಚಿಡಲಿಲ್ಲ. ನಾವು ಮಾತ್ರ ಬಸ್ ಚಾರ್ಜನ್ನೂ ಮುಚ್ಚಿಡುತ್ತೇವೆ.

ಈಗ ಹೊಸದೊಂದು ಆಸೆ ತೋರಿಸುತ್ತಾರೆ. "ಮೇಡಂ, ಪೇಮೆಂಟ್ ಇಲ್ಲ, ಆದರೆ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುತ್ತೇವೆ. ಒಳ್ಳೇ ಪ್ರಚಾರ ಸಿಗುತ್ತೆ." ಪ್ರಚಾರವನ್ನು ಕುಕ್ಕರಿಗೆ ಹಾಕಿದರೆ ಎಷ್ಟು ಸೀಟಿಗೆ ಬೇಯುತ್ತದೋ ನನಗೆ ತಿಳಿಯದು. ಒಂದು ವಿಷಯ ಹಾಡುವ ಹೆಂಗಸರೆಲ್ಲ ತಿಳಿದಿರಲಿ. 1994ರಲ್ಲಿ ಆದ ಕಾಪಿರೈಟ್ ಕಾಯ್ದೆಯ ತಿದ್ದುಪಡಿಯಿಂದ ಹಾಡುವವರಿಗೂ ತಮ್ಮ ಹಾಡಿಕೆಯ ಮೇಲೆ ಹಕ್ಕು ಬಂತು, 2012ರ ತಿದ್ದುಪಡಿ ಅದನ್ನು ಇನ್ನಷ್ಟು ಗಟ್ಟಿಮಾಡಿತು. ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿ ಹಂಚುವಂತಿಲ್ಲ. ವಿಡಿಯೋ ಅವರು ನಮಗೆ ಮಾಡುವ ಉಪಕಾರವಲ್ಲ. ಅನುಮತಿ ನಾವು ಕೊಡಬೇಕಾದದ್ದು.

ಸಣ್ಣ ಊರಿನ ಸಂಘಗಳಲ್ಲಿ ದುಡ್ಡಿಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಇಲ್ಲದಿದ್ದರೆ ಇಲ್ಲ ಎಂದು ಮೊದಲೇ ಹೇಳಿ. ಬರುವುದೋ ಬಿಡುವುದೋ ನಾವು ಯೋಚಿಸುತ್ತೇವೆ, ಮನಸ್ಸು ಬಂದರೆ ಸಂತೋಷವಾಗಿ ಹಾಡುತ್ತೇವೆ. ದೇವರ ಮುಂದೆ ಭಜನೆಗೆ ಕೂತಾಗ ಯಾರೂ ಬಿಲ್ಲು ಬರೆಯುವುದಿಲ್ಲ. ನನ್ನ ಜಗಳ ಇಲ್ಲದವರ ಜೊತೆಗಲ್ಲ. ಎಲ್ಲರಿಗೂ ಇದ್ದು ಹಾಡಿದವಳಿಗೆ ಮಾತ್ರ ಇಲ್ಲವಾಗುತ್ತದಲ್ಲ, ಅದರ ಜೊತೆಗೆ.

ಮತ್ತೆ ಈ ಜಗಳ ಗಂಡಸರ ಜೊತೆ ಮಾತ್ರ ಎಂದು ತಿಳಿಯಬೇಡಿ. ಮಹಿಳಾ ಸಮಾಜಗಳನ್ನು ನಡೆಸುವವರು ನಾವೇ. ವಾರ್ಷಿಕೋತ್ಸವಕ್ಕೆ ಐಸ್‌ಕ್ರೀಮಿನ ಬಜೆಟ್ಟು ಹಾಕಿ, ಪ್ರಾರ್ಥನೆಯಿಂದ ಮಂಗಳದವರೆಗೆ ಹಾಡುವವಳಿಗೆ ಬಜೆಟ್ಟು ಹಾಕದವರು ನಾವೇ. ಮಗಳನ್ನು ಸಂಗೀತಕ್ಕೆ ಸೇರಿಸಿ, ಪರೀಕ್ಷೆಯ ತಿಂಗಳು ಬಂದಾಗ "ಈ ತಿಂಗಳು ಎರಡೇ ಕ್ಲಾಸಿಗೆ ಬಂದಿದ್ದು, ಅರ್ಧ ಫೀಸು ತಗೊಳ್ಳಿ ಮಿಸ್" ಎನ್ನುವವರು ನಾವೇ. ಬೇಸಿಗೆ ರಜೆಯಲ್ಲಿ ಏನೂ ಹೇಳದೆ ನಿಲ್ಲಿಸಿ ಜೂನಿನಲ್ಲಿ ಮತ್ತೆ ಬರುತ್ತೇವೆ. ಟ್ಯೂಷನ್ನಿನ ಗಣಿತದ ಮೇಷ್ಟ್ರಿಗೆ ವರ್ಷದ ಫೀಸು ಮುಂಗಡವಾಗಿ ಕಟ್ಟುವ ಕೈ, ಸಂಗೀತದ ಮಿಸ್ಸಿಗೆ ಮಾತ್ರ ಚೌಕಾಸಿ ಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅವಳ ಮನೆಯ ಹಾಲಿನವನು ರಜೆ ತೆಗೆದುಕೊಳ್ಳುವುದಿಲ್ಲ.

ಆದ್ದರಿಂದ ಹಾಡುವ ಅಕ್ಕತಂಗಿಯರಿಗೆ ಒಂದು ಮಾತು. ಕರೆ ಬಂದಾಗ "ಎಷ್ಟು ಹೊತ್ತು ಹಾಡಬೇಕು?" ಎಂದು ಕೇಳುವ ಉಸಿರಿನಲ್ಲೇ "ಸಂಭಾವನೆ ಎಷ್ಟು?" ಎಂದೂ ಕೇಳಿ. ಗಂಟಲು ಕಟ್ಟುತ್ತದೆ, ನನಗೂ ಕಟ್ಟುತ್ತಿತ್ತು. ತಾರಸ್ಥಾಯಿ ಹಿಡಿದ ಗಂಟಲಿಗೆ ಈ ಎರಡು ಪದ ದೊಡ್ಡದಲ್ಲ. ಒಬ್ಬಳು ಕೇಳಿ ಇನ್ನೊಬ್ಬಳು ಬಿಟ್ಟಿ ಹಾಡಿದರೆ ಕೇಳಿದವಳು ಕೆಟ್ಟವಳಾಗುತ್ತಾಳೆ. ಊರಿನ ನಾಲ್ವರು ಒಟ್ಟಿಗೆ ಕೂತು ಇಷ್ಟಕ್ಕೆ ಕಡಿಮೆ ಇಲ್ಲ ಎಂದುಕೊಳ್ಳಿ. ಧಾಟಿ ನಿಮ್ಮದಾದರೆ ಹಾಡುವ ಮೊದಲು ಮೈಕಿನಲ್ಲಿ ನಿಮ್ಮ ಹೆಸರು ಹೇಳಿಸಿ. ಸಂದರ್ಶನಕ್ಕೆ ಯಾರಾದರೂ ಬಂದರೆ, ಅವರು ಕೇಳದಿದ್ದರೂ ದುಡ್ಡಿನ ವಿಷಯ ಹೇಳಿ.

ಕೇಳುವ ಅಕ್ಕತಂಗಿಯರಿಗೆ ಇನ್ನೂ ಚಿಕ್ಕ ಮಾತು. ತಟ್ಟೆಯಲ್ಲಿ ಎಲೆ ಅಡಿಕೆ ಇರಲಿ, ರವಿಕೆ ಕಣವೂ ಇರಲಿ, ಬೇಡ ಎನ್ನುವುದಿಲ್ಲ. ಅದರ ಕೆಳಗೆ ಒಂದು ಕವರು ಇಡಿ. ಕವರಿನ ಮೇಲೆ ಅವಳ ಹೆಸರು ಬರೆಯಿರಿ. 'ಶ್ರೀಮತಿ' ಎಂದು ಬರೆದು ಅವಳ ಗಂಡನ ಹೆಸರನ್ನಲ್ಲ.